ಡಾಬು ಕಟ್ಟಿದ ಆಲದ ಮರ

ಕಲಬುರಗಿಯ ಮರಗಳ ಸೊಂಟಕ್ಕೆ ಉಕ್ಕಿನ ಪಟ್ಟಿ ಬಂದು ಹನ್ನೊಂದು ವರ್ಷವಾಗಿತ್ತು. ಊರಿನ ಮರಗಳನ್ನು ನೋಡಿಕೊಳ್ಳುವ ನೆರಳು ಮಂಡಳಿಯ ಕಾಗದಗಳಲ್ಲಿ ಅದಕ್ಕೆ ‘ಕಾಂಡವೃದ್ಧಿ ಮಾಪಕ’ ಎಂಬ ಉಸಿರು ಕಟ್ಟಿಸುವ ಹೆಸರಿತ್ತು. ಜನ ಅದನ್ನು ಒಂದೇ ದಿನದಲ್ಲಿ ‘ಡಾಬು’ ಮಾಡಿಬಿಟ್ಟರು. ಹೆಂಗಸರ ಸೊಂಟಕ್ಕೆ ಬೆಳ್ಳಿಯ ಡಾಬು, ಮರದ ಸೊಂಟಕ್ಕೆ ಉಕ್ಕಿನ ಡಾಬು. ಬೆರಳಗಲದ ಪಟ್ಟಿ, ಅದರ ಎರಡು ತುದಿಗಳನ್ನು ಹಿಡಿದಿಡುವ ಒಂದು ಸ್ಪ್ರಿಂಗು, ಸ್ಪ್ರಿಂಗಿನ ಪಕ್ಕ ಹುಣಸೆ ಬೀಜದಷ್ಟು ಗಾತ್ರದ ಯಂತ್ರ. ಮರ ಕೂದಲೆಳೆಯಷ್ಟು ದಪ್ಪವಾದರೂ ಆ ಬೀಜಕ್ಕೆ ಗೊತ್ತಾಗುತ್ತಿತ್ತು. ಅದಕ್ಕೆ ಗೊತ್ತಾದದ್ದು ಮರುಗಳಿಗೆಯಲ್ಲಿ ನಿಯಂತ್ರಣ ಕೊಠಡಿಯ ಪರದೆಗೆ ಬರುತ್ತಿತ್ತು.

ಇಷ್ಟೆಲ್ಲ ರಗಳೆ ನೀರಿಗಾಗಿ. ಬೇಸಿಗೆ ನಲವತ್ತೇಳು ಡಿಗ್ರಿ ಮುಟ್ಟುವ ಊರಿನಲ್ಲಿ ಒಂಬತ್ತು ಸಾವಿರ ಮರಗಳಿಗೆ ಎಲ್ಲಿಂದ ನೀರು ತರುವುದು? ಚರಂಡಿಯ ನೀರನ್ನೇ ಸೋಸಿ ಕೊಳವೆಯಲ್ಲಿ ಬೇರಿಗೆ ಬಿಡುತ್ತಿದ್ದರು. ಅದೂ ಅರ್ಧಕ್ಕರ್ಧ ಮರಗಳಿಗೆ ಸಾಲುತ್ತಿರಲಿಲ್ಲ. ಮಂಡಳಿಯವರು ತಲೆ ಕೆಡಿಸಿಕೊಳ್ಳದೆ ಒಂದು ನಿಯಮ ಮಾಡಿದರು: ಬೆಳೆಯುವ ಮರಕ್ಕೆ ನೀರು. ಅರವತ್ತು ದಿನ ಬೆಳೆಯದಿದ್ದರೆ ಅದು ‘ನಿಂತ ಮರ’, ಅದರ ಕೊಳವೆ ಬಂದ್. ತೊಂಬತ್ತು ದಿನವಾದರೆ ಗರಗಸದ ಗಾಡಿ ಬಂದು ಮರ ಕಡಿದು, ಅಲ್ಲಿ ತಗಡಿನ ಚಪ್ಪರ ನಿಲ್ಲಿಸಿ ಹೋಗುತ್ತದೆ. ಊರಿನ ಕಾವಿಗೆ ಎಳೆಯ ಮರಗಳಂತೂ ಹುಚ್ಚೆದ್ದು ಬೆಳೆಯುತ್ತಿದ್ದವು. ಹೊರಗಿನ ಹೊಲದ ಬದುವಿನಲ್ಲಿ ಇಪ್ಪತ್ತು ವರ್ಷಕ್ಕೆ ಬರುವ ದಪ್ಪ ಊರೊಳಗೆ ಒಂಬತ್ತೇ ವರ್ಷಕ್ಕೆ ಬರುತ್ತಿತ್ತು. ಮಂಡಳಿ ಅದನ್ನು ಆಳೆತ್ತರದ ಅಕ್ಷರಗಳಲ್ಲಿ ಬರೆಸಿ, ರೈಲ್ವೆ ಸ್ಟೇಷನ್ನಿನ ಎದುರು ಹಾಕಿಸಿ ಬೀಗುತ್ತಿತ್ತು.

ಜಗದೇವಿ ಆ ನಿಯಂತ್ರಣ ಕೊಠಡಿಯಲ್ಲಿ ಹದಿನಾಲ್ಕನೇ ವಾರ್ಡಿನ ಪರದೆ ನೋಡುವವಳು. ಏಳುನೂರು ಮರ, ಏಳುನೂರು ಚುಕ್ಕೆ. ಬೆಳೆಯುತ್ತಿದ್ದರೆ ಹಸಿರು, ನಿಂತರೆ ಹಳದಿ, ಕಡಿಯುವ ದಿನ ಹತ್ತಿರ ಬಂದರೆ ಕೆಂಪು. ಜೂನ್ ತಿಂಗಳ ಆ ಮಂಗಳವಾರ ಅವಳ ಕಣ್ಣು ಮಾತ್ರ ಒಂದೇ ಚುಕ್ಕೆಯ ಮೇಲೆ ನೆಟ್ಟಿತ್ತು. ಮುನ್ನೂರಾ ಆರನೇ ಮರ. ನಿಂತು ಎಂಬತ್ತೊಂದು ದಿನ.

ಅದು ಅವಳ ಓಣಿಯ ಬಾಯಲ್ಲಿದ್ದ ಆಲದ ಮರ. ಅದರ ಕಟ್ಟೆಯ ಮೇಲೆ ಈ ಹೊತ್ತಿಗೆ ಅವಳ ಏಳು ವರ್ಷದ ಮಗಳು ಭಾಗ್ಯವಂತಿ ಕೂತಿರುತ್ತಾಳೆ, ಪಕ್ಕದಲ್ಲಿ ಅತ್ತೆ ಗುರುಬಾಯಿ ಬೀಸಣಿಕೆ ಹಿಡಿದಿರುತ್ತಾಳೆ.

ಭಾಗಿಗೆ ಹುಟ್ಟಿನಿಂದ ಬೆವರಿಲ್ಲ. ಚರ್ಮದೊಳಗೆ ಬೆವರಿನ ಗ್ರಂಥಿಗಳೇ ಮೂಡಿರಲಿಲ್ಲ. ಬೇರೆಯವರ ಮೈ ಬಿಸಿಲಿಗೆ ನೀರು ಬಿಟ್ಟು ತಣ್ಣಗಾಗುತ್ತದೆ. ಇವಳ ಮೈ ಒಲೆಯ ಮೇಲಿಟ್ಟ ಹಂಚಿನಂತೆ ಕಾಯುತ್ತಲೇ ಹೋಗುತ್ತದೆ. ಡಾಕ್ಟರು ಹೇಳಿದ್ದು ಇಷ್ಟೇ: ನಲವತ್ತು ದಾಟಿದ ಜಾಗದಲ್ಲಿ ಮಗುವನ್ನು ಬಿಡಬೇಡಿ. ಹೇಳುವುದು ಸುಲಭ. ಓಣಿಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಕರೆಂಟಿಲ್ಲ, ತಗಡಿನ ಸೂರಿನ ಮನೆಯೊಳಗೆ ನಲವತ್ತೆಂಟು. ಗಂಡ ಸಿಮೆಂಟಿನ ಲಾರಿ ಓಡಿಸಿಕೊಂಡು ತಿಂಗಳಲ್ಲಿ ಇಪ್ಪತ್ತು ದಿನ ಹೊರಗೆ. ನಿಯಂತ್ರಣ ಕೊಠಡಿಯೊಳಗೆ ಯಂತ್ರಗಳಿಗೆಂದು ಇಪ್ಪತ್ತನಾಲ್ಕು ಡಿಗ್ರಿ ಇಟ್ಟಿದ್ದರು. ಯಂತ್ರಗಳ ಮಕ್ಕಳಿಗೆ ಪ್ರವೇಶವಿದ್ದರೂ ಇದ್ದೀತು, ನೌಕರರ ಮಕ್ಕಳಿಗೆ ಇರಲಿಲ್ಲ. ಇಡೀ ಓಣಿಯಲ್ಲಿ ಮೂವತ್ತೆಂಟರ ಆಸುಪಾಸು ಇರುತ್ತಿದ್ದ ಜಾಗ ಆ ಆಲದ ಕಟ್ಟೆಯೊಂದೇ. ಭಾಗಿ ಒದ್ದೆ ಬಟ್ಟೆ ಹೊದ್ದುಕೊಂಡು ಐದು ಬೇಸಿಗೆ ಅಲ್ಲೇ ಕಳೆದಿದ್ದಳು.

ಈ ಸಲ ಮಾರ್ಚ್ ಕೊನೆಗೆ ಮರ ಬೆಳೆಯುವುದನ್ನು ನಿಲ್ಲಿಸಿತು. ಅದರೊಟ್ಟಿಗೆ ಕಟ್ಟೆಯ ತಂಪೂ ಹೋಯಿತು. ನೆರಳು ಇದ್ದ ಹಾಗೇ ಇತ್ತು, ತಂಪು ಮಾತ್ರ ಇರಲಿಲ್ಲ. ಕೊಳವೆ ಬಂದಾದ ಮೇಲೆ ಕಟ್ಟೆಯ ಮೇಲೂ ನಲವತ್ತೆರಡು. ಹೋದ ವಾರ ಭಾಗಿ ಅಲ್ಲಿಯೇ ಕಣ್ಣು ಮೇಲೆ ಮಾಡಿ ಬಿದ್ದಿದ್ದಳು. ಆಸ್ಪತ್ರೆಯಲ್ಲಿ ಮೈ ತಣಿಸುವ ಬರ್ಫದ ಚೀಲಗಳ ನಡುವೆ ಎರಡು ದಿನ ಮಲಗಿ ಎದ್ದು ಬಂದಿದ್ದಳು.

"ನೆಳ್ಳು ಅದ, ತಂಪ್ಯಾಕ ಇಲ್ರಿ ಮೇಡಂ?" ಎಂದು ಜಗದೇವಿ, ಮಗಳನ್ನು ಮನೆಗೆ ಕರೆತಂದ ಮರುದಿನ, ನುಸ್ರತ್ ಮೇಡಂ ಅವರನ್ನು ಕೇಳಿದ್ದಳು.

ನುಸ್ರತ್ ಬಾನು ಮಂಡಳಿಯ ಮರವಿಜ್ಞಾನಿ. ಐವತ್ತು ದಾಟಿದ ಹೆಂಗಸು. ಯಾವಾಗಲೂ ಅವಸರ, ಯಾವಾಗಲೂ ಒಂದು ಕಿವಿಯ ಸಂದಿಯಲ್ಲಿ ಪೆನ್ಸಿಲು.

"ಗಿಡ ಬೆವರತದ ಜಗದೇವಿ. ಎಲಿಗೆಲ್ಲ ಕಣ್ಣಿಗಿ ಕಾಣದಂಥ ಸಣ್ಣ ಬಾಯಿ ಇರ್ತಾವ. ಬೇರು ಎಳದ ನೀರು ಆ ಬಾಯಿಂದ ಹಬಿಯಾಗಿ ಹೋಗ್ತದ, ಹೋಗುವಾಗ ಸುತ್ತಲಿನ ಕಾವು ಹೊತಗೊಂಡು ಹೋಗ್ತದ. ಅದೇ ನಿನ್ನ ತಂಪು. ಈಗ ಕಾವು ಅದರ ಅಳತಿ ಮೀರ್ಯದ. ಬಾಯಿ ಎಲ್ಲ ಮುಚಗೊಂಡು ಮಲಗಿಬಿಟ್ಟದ."

"ಸತ್ತದೇನ್ರಿ?"

"ಮಲಗ್ಯದ ಅಂದೆ. ನಿಂತದ್ದೆಲ್ಲ ಸತ್ತದ್ದಲ್ಲ ಅಂತ ಮಂಡಳಿಗಿ ಮೂರು ಸಲ ಬರದೀನಿ. ಹಳೀ ಗಿಡಗೋಳು ಹಿಂಗೇ ಬದುಕತಾವ, ಮಳಿ ಬಂದಮ್ಯಾಲ ಏಳ್ತಾವ. ನನ್ನ ಪತ್ರ ಯಾರು ಓದ್ತಾರ? ಪರದಿ ಮ್ಯಾಲ ಮಲಗಿದ್ದಕ್ಕೂ ಸತ್ತದ್ದಕ್ಕೂ ಬಣ್ಣ ಒಂದೇ ಅದ."

ಮರ ಬದುಕಬೇಕಾದರೆ ಬೆವರಬಾರದು. ಮಗಳು ಬದುಕಬೇಕಾದರೆ ಮರ ಬೆವರಬೇಕು. ಜಗದೇವಿಗೆ ಇದು ಅಂದೇ ಅರ್ಥವಾಗಿತ್ತು. ಅರ್ಥವಾಗದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು.

ಆ ಮಂಗಳವಾರದ ಮರುದಿನ ವಟಸಾವಿತ್ರಿ ಹುಣ್ಣಿಮೆ. ಓಣಿಯ ಮುತ್ತೈದೆಯರೆಲ್ಲ ಬೆಳಿಗ್ಗೆ ಏಳಕ್ಕೇ ಹೊಸ ಸೀರೆ ಉಟ್ಟು, ಬಿಸಿಲು ಏರುವ ಮೊದಲೇ ಪೂಜೆ ಮುಗಿಸುವ ಧಾವಂತದಲ್ಲಿ ಆಲದ ಮರದ ಸುತ್ತ ಸೇರಿದರು. ಅರಿಶಿನ, ಕುಂಕುಮ, ಬಳೆ, ಒಂದೊಂದು ಮಾವಿನ ಹಣ್ಣು. ದಾರದ ಉಂಡೆ ಹಿಡಿದು ಮರಕ್ಕೆ ಏಳು ಸುತ್ತು. ಗುರುಬಾಯಿ ಗಂಡನಿಲ್ಲದವಳು, ಸುತ್ತು ಹಾಕುವಂತಿಲ್ಲ. ಆದರೆ ಕಟ್ಟೆಯ ಮೇಲೆ ಕೂತು ಸುತ್ತು ಹಾಕುವವರನ್ನೆಲ್ಲ ಗದರಿಸುವ ಕೆಲಸವನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

"ಜಗದೇವಿ, ನಿಂದ್ರು. ದಾರ ಡಾಬಿನ ಮ್ಯಾಲ ಬೀಳ್ಲತದ."

"ಪ್ರತಿ ವರ್ಷ ಹಂಗೇ ಬೀಳ್ತದಲ್ಲ ಅತ್ತಿ."

"ಅದಕ್ಕೇ ಗಿಡ ಮುನಸ್ಕೊಂಡದ. ದೇವರ ದಾರ ತೊಗಟಿಗಿ ಹತ್ತಬೇಕು, ಕಬ್ಬಿಣಕ್ಕಲ್ಲ. ಡಾಬು ಎತ್ತಿ ಒಳಗಿಂದ ಹಾಕು. ನಿನ್ನ ಆಫೀಸಿನವರು ಕೇಳಿದ್ರ ನನ್ನ ಹೆಸರು ಹೇಳು."

ಡಾಬು ಮುಟ್ಟಿದರೆ ಕೆಲಸ ಹೋಗುತ್ತದೆಂದು ಜಗದೇವಿಗೆ ಗೊತ್ತಿತ್ತು. ಆದರೆ ಉಪವಾಸದ ಹೊಟ್ಟೆ, ಆಸ್ಪತ್ರೆಯಿಂದ ಬಂದ ಮಗಳು, ಮುನಿಸಿಕೊಂಡ ಮರ. ಅವಳು ಸುಮ್ಮನೆ ಪಟ್ಟಿಯನ್ನು ಬೆರಳಿನಿಂದ ಮೀಟಿ, ಉಂಡೆಯನ್ನು ಒಳಗೆ ತೂರಿಸುತ್ತ ಏಳು ಸುತ್ತು ಬಂದಳು. ಉಳಿದವರೂ ಅವಳ ಹಿಂದೆಯೇ ಹಾಗೇ ಹಾಕಿದರು. ಯಾರ ಮನಸ್ಸಿನಲ್ಲೂ ಆಗ ಕಪಟ ಇರಲಿಲ್ಲ, ಇದನ್ನು ಹೇಳಲೇಬೇಕು.

ಹತ್ತು ಗಂಟೆಗೆ ಅವಳು ಪರದೆಯ ಮುಂದೆ ಕೂತಾಗ ಮುನ್ನೂರಾ ಆರನೇ ಚುಕ್ಕೆ ಮಿನುಗುತ್ತಿತ್ತು. ಎರಡು ಮಿಲಿಮೀಟರ್ ಬೆಳವಣಿಗೆ. ಕೆಳಗೆ ಒಂದು ಪ್ರಶ್ನೆ: ‘ನಿಂತ ಮರ ಮತ್ತೆ ಬೆಳೆದಿದೆ. ನಂಬಬಹುದೇ?’ ಎರಡು ಗುಂಡಿಗಳು. ‘ಹೌದು.’ ‘ತಪಾಸಣೆ ಮಾಡಿ.’

ಬೆಳೆದದ್ದು ಮರವಲ್ಲ, ದಾರ. ಹನ್ನೊಂದು ಹೆಂಗಸರ ಏಳೇಳು ಸುತ್ತು ಡಾಬಿನ ಅಡಿಯಲ್ಲಿ ಕೂತು ಸ್ಪ್ರಿಂಗನ್ನು ಎಳೆದಿತ್ತು. ಯಂತ್ರಕ್ಕೆ ತೊಗಟೆ ಯಾವುದು, ನೂಲು ಯಾವುದು ಎಂದು ತಿಳಿಯುವುದು ಹೇಗೆ? ‘ತಪಾಸಣೆ’ ಎಂದು ಒತ್ತಿದರೆ ಮಧ್ಯಾಹ್ನಕ್ಕೆ ಗಾಡಿ ಹೋಗುತ್ತದೆ, ದಾರ ಕೀಳುತ್ತದೆ, ಇನ್ನೆಂಟು ದಿನಕ್ಕೆ ಗರಗಸ. ‘ಹೌದು’ ಎಂದರೆ ಸಂಜೆಗೆ ನೀರು. ನೀರು ಕುಡಿದರೆ ಮರ ಏಳುತ್ತದೆ, ಬೆವರುತ್ತದೆ, ಕಟ್ಟೆ ತಣ್ಣಗಾಗುತ್ತದೆ. ನುಸ್ರತ್ ಮೇಡಂ ಹೇಳಿದ ‘ಮಲಗಿದೆ’ ಎಂಬ ಮಾತು ನೆನಪಾಯಿತು. ಮಲಗಿದವರನ್ನು ಎಬ್ಬಿಸಿ ನೀರು ಕೊಟ್ಟರೆ ಏನು ತಪ್ಪು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಿಜವೆಂದರೆ ಅವಳಿಗೆ ಆ ಹೊತ್ತಿನಲ್ಲಿ ಬರ್ಫದ ಚೀಲಗಳ ನಡುವಿನ ಮಗಳ ಮುಖ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ‘ಹೌದು’ ಒತ್ತಿದಳು.

ಐದೇ ದಿನಕ್ಕೆ ಆಲ ಕಣ್ಣು ತೆರೆಯಿತು. ರೆಂಬೆಯ ತುದಿಗಳಲ್ಲಿ ತಾಮ್ರದ ಬಣ್ಣದ ಚಿಗುರು. ಕಟ್ಟೆಯ ಮೇಲೆ ತೂಗುಹಾಕಿದ್ದ ಥರ್ಮಾಮೀಟರು ನಲವತ್ತೆರಡರಿಂದ ನಲವತ್ತಕ್ಕೆ, ಅಲ್ಲಿಂದ ಮೂವತ್ತೆಂಟಕ್ಕೆ ಇಳಿಯಿತು. ಭಾಗಿ ಕಟ್ಟೆಯ ಮೇಲೆ ಕುಂಟಾಬಿಲ್ಲೆ ಆಡಿದಳು. ಗುರುಬಾಯಿ ಬೀಸಣಿಕೆ ಕೆಳಗಿಟ್ಟು ಎಲೆ ಅಡಿಕೆ ಹಾಕಿಕೊಂಡಳು.

"ನೋಡ್ದಿಲ್ಲೇನು? ದಾರ ತೊಗಟಿಗಿ ಹತ್ತಿದಮ್ಯಾಲ ಹ್ಯಾಂಗ ಚಿಗಿತು!" ಎಂದು ಹೋಗಿ ಬರುವವರಿಗೆಲ್ಲ ಹೇಳಿದಳು.

ಒಂದು ಸಲದ ದಾರ ಎಷ್ಟು ದಿನ ಬಂದೀತು? ಒಮ್ಮೆ ನಿಂತು ಎದ್ದ ಮರದಿಂದ ಪರದೆ ಹದಿನೈದು ದಿನಕ್ಕೊಮ್ಮೆ ಹೊಸ ಬೆಳವಣಿಗೆ ಕೇಳುತ್ತದೆ. ಜಗದೇವಿ ಸೋಮವಾರ ಸೋಮವಾರ ಸ್ನಾನ ಮಾಡಿ ಬಂದು ಡಾಬಿನ ಅಡಿಗೆ ಮತ್ತೆ ಮೂರು ಸುತ್ತು ಹಾಕತೊಡಗಿದಳು. ಕೇಳಿದವರಿಗೆ ಮಗಳ ಹೆಸರಿನ ಹರಕೆ ಎಂದಳು. ಹರಕೆ ಎಂದ ಮೇಲೆ ಓಣಿಯ ಹೆಂಗಸರು ಸುಮ್ಮನಿರುತ್ತಾರೆಯೇ? ಬೆವರಿಲ್ಲದ ಕೂಸಿಗೆ ಒಳ್ಳೆಯದಾಗಲಿ ಎಂದು ಅವರೂ ಒಂದೊಂದು ಉಂಡೆ ತಂದರು. ಆ ಅಕ್ಕರೆ ಕಂಡು ಜಗದೇವಿಗೆ ಅಳು ಬಂತು. ಆದರೆ ಪರದೆಯ ಮೇಲೆ ಹದಿನಾಲ್ಕನೇ ವಾರ್ಡಿನ ನೀರು ಅಷ್ಟೇ ಇತ್ತು. ಮುನ್ನೂರಾ ಆರಕ್ಕೆ ಹೋದದ್ದು ಎಲ್ಲಿಂದಲೋ ಬರಬೇಕು. ಕನ್ನಡ ಶಾಲೆಯ ಮುಂದಿನ ಎರಡು ಬೇವಿನ ಮರಗಳು ಆ ವಾರ ಹಳದಿಗೆ ತಿರುಗಿದವು. ಅವಳು ಆ ಮೂಲೆಯನ್ನು ನೋಡುವುದನ್ನೇ ಬಿಟ್ಟಳು.

ಜೂನ್ ಕೊನೆಗೂ ಮಳೆಯ ಸುಳಿವಿಲ್ಲ. ಒಣ ಗಾಳಿ ಬೆಳಗಿನಿಂದಲೇ ಬೀಸುತ್ತಿತ್ತು. ಒಂದು ದಿನ ನುಸ್ರತ್ ಮೇಡಂ ಬಂದು ಜಗದೇವಿಯ ಕುರ್ಚಿಯ ಹಿಂದೆ ನಿಂತರು.

"ಮುನ್ನೂರಾ ಆರು ಇಷ್ಟು ಬೆಳ್ಯಾಕತ್ತದಲ್ಲ! ಇಡೀ ಊರಾಗ ಐವತ್ತು ದಾಟಿದ ಗಿಡ ಯಾವುದೂ ಈ ಬಿಸಲಾಗ ಬೆಳೆದಿಲ್ಲ. ಇದು ಖರೇ ಇದ್ರ ನಾ ಮಂಡಳಿಗಿ ಬರದ ಪತ್ರ ಎಲ್ಲ ಸುಳ್ಳು. ನಡಿ, ನೋಡಿಕೊಂಡು ಬರೋಣು."

"ಇವತ್ತ ಬ್ಯಾಡ್ರಿ ಮೇಡಂ, ಭಾಳ ಬಿಸಲು ಅದ."

"ಬಿಸಲು ಇದ್ದಾಗೇ ನೋಡಬೇಕು" ಎಂದು ಮೇಡಂ ಆಗಲೇ ಚೀಲ ಹೆಗಲಿಗೇರಿಸಿದ್ದರು.

ಹನ್ನೊಂದು ಗಂಟೆ. ಕಟ್ಟೆಯ ಮೇಲೆ ಭಾಗಿ ಒದ್ದೆ ಬಟ್ಟೆ ಹೊದ್ದು ಕೂತಿದ್ದಳು. ಮೇಡಂ ಚೀಲದಿಂದ ಡಾಕ್ಟರರ ಸ್ಟೆತಾಸ್ಕೋಪಿನಂಥ ಒಂದು ಯಂತ್ರ ತೆಗೆದು ಕಾಂಡಕ್ಕೆ ಅಂಟಿಸಿ, ಕಿವಿಗಿಟ್ಟುಕೊಂಡರು. ಅವರ ಮುಖ ಸಪ್ಪಗಾಯಿತು. ಯಂತ್ರವನ್ನು ಜಗದೇವಿಯ ಕಿವಿಗೆ ಕೊಟ್ಟರು. ಒಳಗೆ ಜೋಳದ ಅಳ್ಳು ಹುರಿದಂತೆ ಸದ್ದು. ಟಿಕ್, ಟಿಕ್ ಟಿಕ್, ಟಿಕ್.

"ಬೇರಿಂದ ಎಲಿತನಕ ನೀರು ಒಂದೇ ದಾರದಂಗ ಇರ್ತದ" ಎಂದರು ಮೇಡಂ. "ಮ್ಯಾಲಿಂದ ಒಣಾ ಗಾಳಿ ಎಳೀತದ. ಭಾಳ ಎಳದ್ರ ಹರೀತದ. ಒಂದೊಂದು ಸಪ್ಪಳ ಒಂದೊಂದು ದಾರ ಹರದದ್ದು."

ಅಷ್ಟು ಹೇಳಿ ಅವರ ಬೆರಳು ಡಾಬಿನ ಮೇಲೆ ಹೋಯಿತು. ಪಟ್ಟಿಯ ಅಡಿಯಲ್ಲಿ ಅರಿಶಿನ ಮೆತ್ತಿದ ನೂಲು ಗಟ್ಟಿಯಾಗಿ ಕೂತಿತ್ತು. ಅವರು ಅದನ್ನು ಉಗುರಿನಿಂದ ಮುಟ್ಟಿದರು. ಜಗದೇವಿಯನ್ನು ನೋಡಿದರು. ಆಮೇಲೆ ಮಗುವನ್ನು ನೋಡಿದರು. ಅವರು ಬೈದಿದ್ದರೆ ಜಗದೇವಿಗೆ ಹಗುರಾಗುತ್ತಿತ್ತು.

"ಇದು ಮಲಗಿತ್ತವ್ವ" ಎಂದರು ಮೆಲ್ಲಗೆ. "ನೀ ನೀರು ಕೊಟ್ಟಿ, ಎಚ್ಚರಾತು. ಮುಚ್ಚಿದ ಬಾಯಿ ಎಲ್ಲ ತೆರೀತು. ಆದ್ರ ಬೇರು ಎಷ್ಟು ಕುಡದ್ರೂ ಈ ಗಾಳಿ ಅದಕ್ಕಿಂತ ಜಾಸ್ತಿ ಎಳೀತದ. ಸುತ್ತ ಎಲ್ಲ ಸಿಮೆಂಟು, ಮಣ್ಣು ಕಾದು ಕೆಂಡ ಆಗ್ಯದ, ಬೇರು ಬಿಸಿನೀರಾಗ ನಿಂತಾವ."

"ಈಗ ನೀರು ನಿಲ್ಸಿದ್ರ ಮತ್ತ ಮಲಗ್ತದೇನ್ರಿ?"

"ಆ ಶಕ್ತಿ ಹೋಗ್ಯದ. ಚಿಗುರಿಗಿ ಖರ್ಚಾತು. ನಿಲ್ಸಿದ್ರ ನಾಕು ದಿನ."

"ಹಿಂಗೇ ನೀರು ಬಿಟ್ಕೋತ ಹೋದ್ರ?"

"ಮಳಿ ಬಂದ್ರ ಉಳೀಬಹುದು. ಇಲ್ಲಂದ್ರ ಒಂದು ಹದಿನೈದು ದಿನ."

ಜಗದೇವಿ ಡಾಬಿನ ಅಡಿಯ ನೂಲನ್ನು ಮುಟ್ಟಿದಳು. "ನಾ ದಾರ ಹಾಕಿರಲಿಲ್ಲಂದ್ರ?"

ನುಸ್ರತ್ ಮೇಡಂ ಯಂತ್ರದ ತಂತಿ ಸುತ್ತಿ ಚೀಲಕ್ಕೆ ಹಾಕಿದರು. "ತೊಂಬತ್ತನೇ ದಿನ ಗಾಡಿ ಬರ್ತಿತ್ತು" ಎಂದರು. "ನಾ ತಡೀತೀನಿ ಅಂದ್ರೂ ಬರ್ತಿತ್ತು."

ಹೋಗುವ ಮುಂಚೆ ಅವರು ಭಾಗಿಯ ಹಣೆ ಮುಟ್ಟಿ ನೋಡಿ, ತಮ್ಮ ಬಾಟಲಿಯಲ್ಲಿದ್ದ ತಣ್ಣೀರನ್ನೆಲ್ಲ ಅವಳ ಬಟ್ಟೆಗೆ ಸುರಿದರು. ವರದಿ ಬರೆಯುತ್ತೇನೆ ಎಂದೂ ಹೇಳಲಿಲ್ಲ, ಬರೆಯುವುದಿಲ್ಲ ಎಂದೂ ಹೇಳಲಿಲ್ಲ.

ಜಗದೇವಿ ಅಂದಿನಿಂದ ಮುಗಿಲು ನೋಡಿದ್ದೇ ನೋಡಿದ್ದು. ಮುಗಿಲು ಬೂದಿ ಬಣ್ಣಕ್ಕೆ ತಿರುಗುತ್ತಿತ್ತು, ಮತ್ತೆ ಬೆಳ್ಳಗಾಗುತ್ತಿತ್ತು. ಒಂಬತ್ತನೇ ದಿನ ಬೆಳಿಗ್ಗೆ ಆಲದ ಎಲೆಗಳು ಉದುರತೊಡಗಿದವು. ಒಣಗಿದ ಎಲೆಗಳಲ್ಲ, ಹಸಿರು ಎಲೆಗಳು. ಹಣ್ಣಾಗಿ ಬೀಳುವ ಎಲೆಗೆ ಒಂದು ಹಗುರಿರುತ್ತದೆ. ಇವು ಭಾರವಾಗಿ ಪಟಪಟ ಬಿದ್ದವು. ಓಣಿಯ ಹೆಂಗಸರು ಗಾಬರಿಯಾಗಿ ಇನ್ನಷ್ಟು ದಾರ ತಂದರು. ಜಗದೇವಿ ಬೇಡ ಎನ್ನಲು ಬಾಯಿ ತೆರೆದಳು. ಏನೆಂದು ಹೇಳುವುದು? ದಾರ ಬಿಚ್ಚಿದರೆ ನಾಳೆಯೇ ಕೆಂಪು ಚುಕ್ಕೆ. ಬಿಚ್ಚದಿದ್ದರೆ ಸಾಯುವ ಮರಕ್ಕೆ ಶಾಲೆಯ ಬೇವುಗಳ ನೀರು. ಅವಳು ಅವರಿಗೆ ದಾರಿ ಬಿಟ್ಟು ಸರಿದಳು.

ಮರುದಿನ ಬೆಳಗಾಗುವುದರೊಳಗೆ ಮರ ಬೋಳಾಗಿತ್ತು, ಕಚೇರಿಗೆ ಹೋದರೆ ಅಲ್ಲಿ ಮುನ್ನೂರಾ ಆರು ಹಚ್ಚಹಸಿರು. ಹಿಂದಿನ ದಿನ ಸುತ್ತಿದ ದಾರಕ್ಕೆ ಒಂದೂವರೆ ಮಿಲಿಮೀಟರ್ ಬೆಳೆದಿತ್ತು. ಎಲೆಯಿಲ್ಲದ ಮರ ಪರದೆಯ ಮೇಲೆ ವಾರ್ಡಿಗೇ ಮೊದಲಿಗ. ಮೇಲಿನಿಂದ ಒಂದು ಆದೇಶವೂ ಬಂದಿತ್ತು: ಈ ಬೇಸಿಗೆಯಲ್ಲಿ ಅತಿ ಹೆಚ್ಚು ಬೆಳೆದ ಹಳೆಯ ಮರಕ್ಕೆ ಹಿತ್ತಾಳೆಯ ಫಲಕ, ನಾಳೆ ಹನ್ನೊಂದಕ್ಕೆ ಅಧಿಕಾರಿಗಳು ಬಂದು ಮೊಳೆ ಹೊಡೆದು ಹಾಕುತ್ತಾರೆ. ಪಕ್ಕದ ಕುರ್ಚಿಯವನು ಅಭಿನಂದನೆ ಹೇಳಿ ಕೈ ಕುಲುಕಿದ. ಜಗದೇವಿ ಕೈ ಕೊಟ್ಟಳು. ಹೊಟ್ಟೆನೋವು ಎಂದು ಅರ್ಧ ದಿನ ರಜೆ ಹಾಕಿ ಓಣಿಗೆ ಓಡಿ ಬಂದಳು.

ಸೂರ್ಯ ನೆತ್ತಿಯ ಮೇಲಿದ್ದ. ಕಟ್ಟೆಯ ಮೇಲೆ ಇದ್ದದ್ದು ನೆರಳಲ್ಲ, ರೆಂಬೆಗಳ ಬಲೆ. ಥರ್ಮಾಮೀಟರು ನಲವತ್ತೈದು ತೋರಿಸುತ್ತಿತ್ತು. ಗುರುಬಾಯಿ ಎರಡು ಕೈಯಿಂದ ಬೀಸುತ್ತಿದ್ದಳು. "ಮನಿಯಾಗ ಇದಕ್ಕೂ ಜಾಸ್ತಿ ಅದ, ಎಲ್ಲಿ ಒಯ್ಯಲಿ ಕೂಸಿನ?" ಎಂದಳು, ಗದರುವ ದನಿಯೇ ಉಳಿದಿರಲಿಲ್ಲ.

ಭಾಗಿ ಕಾಂಡಕ್ಕೆ ಕಿವಿ ಹಚ್ಚಿ ನಿಂತಿದ್ದಳು. ಅವಳ ಕೆನ್ನೆ ಕೆಂಪೇರಿತ್ತು.

"ಅವ್ವ, ಗಿಡ ಬಿಸಿ ಅದ."

"ಬಾ ಇಲ್ಲಿ. ಆಟೋ ಕರೀತೀನಿ. ದವಾಖಾನಿಗಿ ಹೋಗೋಣು."

"ಗಿಡಕ್ಕೂ ನನ್ನಂಗೇ ಬೆವರು ಬರೂದು ನಿಂತದೇನವ್ವ?"

ಮಗಳು ಉತ್ತರಕ್ಕೆ ಕಾಯಲಿಲ್ಲ. ಹೆಗಲ ಮೇಲಿದ್ದ ಒದ್ದೆ ಬಟ್ಟೆಯನ್ನು ತೆಗೆದು, ತುದಿಗಾಲಲ್ಲಿ ನಿಂತು, ಡಾಬಿನ ಮೇಲೆ, ಅರಿಶಿನದ ದಾರಗಳ ಮೇಲೆ ಹೊದಿಸಿದಳು. ತನಗೆ ಅಮ್ಮ ಹೇಗೆ ಮಾಡುತ್ತಾಳೋ ಹಾಗೇ ಎರಡು ಅಂಗೈಯಿಂದ ಒತ್ತಿ ಒತ್ತಿ ಸರಿಮಾಡಿದಳು. ಬಟ್ಟೆಯಿಂದ ಒಂದು ಹನಿ ಇಳಿದು ತೊಗಟೆಯ ಮೇಲೆ ಅರ್ಧ ದಾರಿಯಲ್ಲೇ ಆರಿತು.

ಈ ಏಳು ವರ್ಷಗಳಲ್ಲಿ ನಡು ಮಧ್ಯಾಹ್ನ ಆ ಬಟ್ಟೆಯನ್ನು ಮಗಳ ಮೈಮೇಲಿಂದ ಒಂದು ಗಳಿಗೆಯೂ ಸರಿಯಗೊಡದ ಜಗದೇವಿ ಈಗ ಅದನ್ನು ಕಿತ್ತು ತರಲಾರದೆ ನಿಂತಳು. ಆಮೇಲೆ ಕಟ್ಟೆಯ ಮೂಲೆಯಲ್ಲಿಟ್ಟಿದ್ದ ನೀರಿನ ಕೊಡದ ಹತ್ತಿರ ಓಡಿದಳು. ತಳದಲ್ಲಿ ಇನ್ನೊಂದು ಬಟ್ಟೆ ತೊಯ್ಯುವಷ್ಟು ನೀರಿತ್ತು, ಅಷ್ಟೇ. ತಲೆಯ ಮೇಲಿನ ಸೆರಗನ್ನು ಹರಿದು, ಅದ್ದಿ, ಹಿಂಡದೆ ತಂದು ಮಗಳಿಗೆ ಹೊದಿಸಿದಳು.

ಭಾಗಿ ಒಂದು ಗಳಿಗೆ ಕಣ್ಣು ಮುಚ್ಚಿ ಆ ತಂಪನ್ನು ಅನುಭವಿಸಿದಳು. ಆಮೇಲೆ ಮರದ ಇನ್ನೊಂದು ಮಗ್ಗುಲು ಬರಿದಾಗಿರುವುದನ್ನು ನೋಡಿ, ಮೈಮೇಲಿನ ಆ ಸೆರಗನ್ನೂ ಬಿಚ್ಚತೊಡಗಿದಳು.